ವರ್ಷಕ್ಕೆ ಆರು ಮಾರು

"ನಿಮ್ಮೂರು ಎಲ್ಲಿ ಬರುತ್ತದೆ?" ಎಂದು ಯಾರಾದರೂ ಕೇಳಿದರೆ, "ಯಾವ ವರ್ಷದ್ದು ಕೇಳುತ್ತೀರಿ?" ಎಂದು ನಾವು ತಿರುಗಿ ಕೇಳುತ್ತೇವೆ. ಇದು ಸೊಕ್ಕಿನ ಮಾತಲ್ಲ. ನಮ್ಮೂರು ವರ್ಷಕ್ಕೆ ಆರು ಮಾರು ಪಡುವಣಕ್ಕೆ ನಡೆಯುತ್ತದೆ. ಮನೆ, ಅಂಗಳ, ಅಂಗಳದ ಬೇವಿನ ಗಿಡ, ಕೊಟ್ಟಿಗೆ, ಗೊಬ್ಬರದ ಗುಂಡಿ ಎಲ್ಲ ಕೂಡಿಯೇ ಹೊರಡುತ್ತವೆ. ಹೊಲಗಳು ಬರುವುದಿಲ್ಲ, ಬಾವಿಗಳೂ ಬರುವುದಿಲ್ಲ. ಮೂವತ್ತೊಂದು ಮನೆ, ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ; ಬಾಗಿಲುಗಳೆಲ್ಲ ಪಡುವಣಕ್ಕೆ. ಹೋಗುವ ದಿಕ್ಕಿಗೆ ಬೆನ್ನು ಮಾಡಿ ಯಾರು ಕೂತಾರು?

ಊರಿನ ಇತಿಹಾಸ ಬೇಕಾದವರು ಮೂಡಲಿಗೆ ನಡೆಯಬೇಕು. ಅಲ್ಲಿ ನಾವು ಬಿಟ್ಟುಬಂದ ಬಾವಿಗಳ ಸಾಲಿದೆ. ಸೀ ಬಾವಿ, ಕಪ್ಪಿ ಬಾವಿ, ಗುಬ್ಬಿ ಬಾವಿ, ಅದರಾಚೆ ಹೆಸರು ಮರೆತ ಬಾವಿಗಳು. ನಮ್ಮಲ್ಲಿ ವಯಸ್ಸು ಕೇಳಿದರೆ ಬಾವಿಯ ಹೆಸರು ಹೇಳುತ್ತಾರೆ. ಮುದುಕಿಯರಿಗೆ ಮದುವೆಯ ನೆನಪು ಬಂದರೆ ಬುತ್ತಿ ಕಟ್ಟಿಕೊಂಡು ಹಿಂದಕ್ಕೆ ಹೋಗಿ, ಯಾರದೋ ಜೋಳದ ಹೊಲದ ನಡುವೆ ನಿಂತು, "ಇಲ್ಲೇ ನೋಡವಾ ನನಗ ತಾಳಿ ಕಟ್ಟಿದ್ದು" ಎಂದು ಮೊಮ್ಮಕ್ಕಳಿಗೆ ತೋರಿಸಿ ಬರುತ್ತಾರೆ. ಬಡಗಲ ಪಂಚಾಯಿತಿಯವರು ನಮ್ಮನ್ನು ತೆಂಕಲದವರೆನ್ನುತ್ತಾರೆ, ತೆಂಕಲ ಪಂಚಾಯಿತಿಯವರು ಬಡಗಲದವರೆನ್ನುತ್ತಾರೆ. ಹೀಗಾಗಿ ನಾವು ಯಾರ ಪಟ್ಟಿಯಲ್ಲೂ ಇಲ್ಲ. ಊರಿಗೆ ಬೋರ್ಡೂ ಇಲ್ಲ.

ನಾನು ಹನ್ನೊಂದನೆಯ ಮನೆಗೆ ಸೊಸೆಯಾಗಿ ಬಂದವಳು. ಮನೆ ಗಟ್ಟಿ ಇದೆಯೇ, ಹುಡುಗ ಗಟ್ಟಿ ಇದ್ದಾನೆಯೇ ಎಂದು ಎರಡೆರಡು ಸಲ ಬಂದು ನೋಡಿಹೋದ ನಮ್ಮಪ್ಪ, ಊರು ಗಟ್ಟಿಯಾಗಿ ನಿಂತಿದೆಯೇ ಎಂದು ಮಾತ್ರ ನೋಡಲಿಲ್ಲ. ಮದುವೆಯಾಗಿ ತಿಂಗಳಿಗೇ ಕಾರ ಹುಣ್ಣಿಮೆ ಬಂತು. ಎತ್ತುಗಳಿಗೆ ಬಣ್ಣ ಹಚ್ಚಿ ಓಡಿಸಿ ಸಂಭ್ರಮಪಟ್ಟು ಮಲಗಿದ್ದಾಯಿತು. ಮರುದಿನ ಬೆಳಿಗ್ಗೆ ನಮ್ಮತ್ತೆ ಮೊಸರಿನ ಗಡಿಗೆಯನ್ನು ನನ್ನ ಮಡಿಲಲ್ಲಿಟ್ಟು, "ಮಿಸುಕಬ್ಯಾಡ, ಮೊಸರು ಒಡೀತೈತಿ" ಎಂದು ತಾವು ಉಪ್ಪಿನಕಾಯಿ ಭರಣಿ ತಬ್ಬಿಕೊಂಡು ಕೂತರು. ನನ್ನ ಗಂಡ ಅಡಿವೆಪ್ಪ ಎರಡೂ ಕೈಯಲ್ಲಿ ಗೋಡೆಯ ಮೇಲಿನ ಕನ್ನಡಿ ಹಿಡಿದು ನಿಂತ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ನೆಲ ಗುಂಯ್ ಎಂದಿತು, ಅಷ್ಟೆ. ಹೊರಗೆ ಬಂದು ನೋಡಿದರೆ ನಿನ್ನೆ ಅಂಗಳದಲ್ಲಿದ್ದ ಬಾವಿ ಇವತ್ತು ನಮ್ಮ ಅಡುಗೆಮನೆಯಲ್ಲಿತ್ತು! ಅತ್ತೆ ಅದರ ಮೇಲೊಂದು ಹಲಗೆ ಹಾಕಿ, "ಒಂದು ವರ್ಸ ನೀರಿಗೆ ಹೊರಗ ಹೋಗೂದು ತಪ್ಪಿತು ನೋಡವಾ" ಎಂದರು. ನಾನು ಅಳಬೇಕೋ ನಗಬೇಕೋ ತಿಳಿಯದೆ ಮೊಸರಿನ ಗಡಿಗೆ ಹಿಡಿದುಕೊಂಡೇ ಮಧ್ಯಾಹ್ನದವರೆಗೆ ಓಡಾಡಿದೆ.

ಅವತ್ತು ಊರಲ್ಲಿ ನನ್ನ ಗಾಬರಿಯನ್ನು ಗಮನಿಸುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಎಲ್ಲರೂ ಸಾಲಿನ ಮೊದಲಿಗಿದ್ದ ಮುಂದಿನ ಮನೆಯತ್ತ ಓಡುತ್ತಿದ್ದರು. ಊರು ಕಡೆಗೂ ಡಾಂಬರು ರಸ್ತೆಯನ್ನು ಮುಟ್ಟಿತ್ತು.

ಆ ರಸ್ತೆಯ ಆಸೆ ಮೂರು ತಲೆಮಾರಿನದು. ತೆಂಕಲಿಂದ ಬಡಗಲಿಗೆ ಹೋಗುವ ರಸ್ತೆ, ಅದರ ಮೇಲೊಂದು ಬಸ್ಸು. ಅದಕ್ಕೂ ನಮಗೂ ನಡುವೆ ಮೊಣಕಾಲುದ್ದ ಎರೆ ಮಣ್ಣು. ಮಳೆಗಾಲದಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತೇ ಹೊರತು ಅದರ ತನಕ ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಹಿರಿಯರು ಸಂಜೆ ಕಟ್ಟೆಯ ಮೇಲೆ ಕೂತು, ಇನ್ನು ಇಪ್ಪತ್ತು ಕಾರ ಹುಣ್ಣಿಮೆ, ಇನ್ನು ಹತ್ತು, ಇನ್ನು ನಾಲ್ಕು ಎಂದು ಬೆರಳು ಮಡಚುತ್ತಿದ್ದರಂತೆ.

ಎಲ್ಲರಿಗಿಂತ ಹೆಚ್ಚು ಕಾದವಳು ಮುಂದಿನ ಮನೆಯ ಬಾಳವ್ವ. ನನ್ನ ಗಂಡನಿಗೆ ದೊಡ್ಡವ್ವ, ಹೀಗಾಗಿ ನನಗೂ ದೊಡ್ಡವ್ವ. ಗಂಟಲು ದೊಡ್ಡದು, ಕೈ ಧಾರಾಳ, ಚಹ ಕಾಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳು ಸೊಸೆಯಾಗಿ ಬಂದ ದಿನವೇ ಅವಳ ಅತ್ತೆ ಒಂದು ದೊಡ್ಡ ಹಿತ್ತಾಳೆ ಕಿಟ್ಲಿಯನ್ನೂ ಉದ್ದನೆಯ ಬೆಂಚನ್ನೂ ತೋರಿಸಿ, "ಈ ಮನಿ ರಸ್ತಿಗೆ ಮುಟ್ಟೂತನಕ ನಾ ಇರೂದಿಲ್ಲ. ನೀ ಇರ್ತಿ. ಇಲ್ಲೇ ಚಾದ ಅಂಗಡಿ ಇಡು" ಎಂದಿದ್ದಳಂತೆ. ಮೂವತ್ತೆರಡು ವರ್ಷ ಬಾಳವ್ವ ಆ ಕಿಟ್ಲಿಯನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತೊಳೆದಳು. ಒಂದು ದಿನವೂ ಒಲೆಗೇರಿಸಲಿಲ್ಲ. ಅದು ರಸ್ತೆಯ ಕಿಟ್ಲಿ, ಮನೆಯದಲ್ಲ.

ಮುಂದಿನ ಮನೆಯ ಹಿರಿಯಳಿಗೆ ನಮ್ಮಲ್ಲಿ ಇನ್ನೊಂದು ಹೊಣೆಯೂ ಇದೆ. ಕಾರ ಹುಣ್ಣಿಮೆಯ ಮರುದಿನ ಅವಳು ಹೊಸ್ತಿಲ ಮುಂದೆ ಒಂದು ಬಿಂದಿಗೆ ನೀರು ಸುರಿದು "ನಡೀಯವ್ವಾ" ಎಂದರೆ ಮಾತ್ರ ಊರು ನಡೆಯುತ್ತದೆ. ಅನ್ನದಿದ್ದರೆ ನಡೆಯುವುದಿಲ್ಲ. ಯಾವುದೋ ಕಾಲದಲ್ಲಿ ಆ ಮನೆಯ ಮುದುಕಿ ಆ ದಿನ ಮಗಳ ಬಾಣಂತನಕ್ಕೆ ಹೋಗಿದ್ದಳೆಂದು ಊರು ವರ್ಷವಿಡೀ ನಿಂತಲ್ಲೇ ನಿಂತಿತ್ತಂತೆ. ಅಂದಿನಿಂದ ಮುಂದಿನ ಮನೆಯವರು ಕಾರ ಹುಣ್ಣಿಮೆಗೆ ಯಾವ ಬೀಗರ ಮನೆಗೂ ಹೋಗುವುದಿಲ್ಲ.

ಸರಿ, ರಸ್ತೆ ಬಂತು. ಬಾಳವ್ವ ಹೊಸ್ತಿಲ ಮುಂದೆ ಚಪ್ಪರ ಹಾಕಿಸಿದಳು, ಬೆಂಚು ಇಟ್ಟಳು, ಕಿಟ್ಲಿಯನ್ನು ಒಲೆಯ ಮೇಲೇರಿಸಿದಳು. ಶುಂಠಿ ಏಲಕ್ಕಿಯ ವಾಸನೆ ಹನ್ನೊಂದನೆಯ ಮನೆಯ ತನಕ ಬಂತು. ಊರಿಗೆ ಊರೇ ಎರಡೂ ಬದಿ ಸಾಲುಗಟ್ಟಿ ನಿಂತಿತು. ದೂರದಲ್ಲಿ ಧೂಳು ಕಂಡಿತು, ಬಸ್ಸು ಬಂತು, ಭರ್ರೆಂದು ಹೋಯಿತು. ನಮಗೆ ಉಳಿದದ್ದು ಚಹದಲ್ಲಿ ಬಿದ್ದ ಧೂಳು.

ಮರುದಿನವೂ ಅದೇ ಕಥೆ. ಮೂರನೆಯ ದಿನ ನನ್ನ ಗಂಡನೂ ನಾಲ್ವರು ಗಂಡಸರೂ ರಸ್ತೆಯಲ್ಲಿ ಅಡ್ಡ ನಿಂತು ಬಸ್ಸು ನಿಲ್ಲಿಸಿದರು. ಡ್ರೈವರ್ ದಾವಲಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈ ಮುಗಿದ. "ನನಗೂ ಚಾ ಕುಡಿಯೂ ಆಸೆ ಐತ್ರೆಪಾ. ವಾಸನಿಗೆ ಬಾಯಾಗ ನೀರು ಬರಾಕತ್ಯಾವು. ಆದರ ಪಟ್ಟಿಯೊಳಗ ಇಲ್ಲದ ಊರಿಗೆ ಗಾಡಿ ನಿಲ್ಲಿಸಿದ್ರ ನನ್ನ ನೌಕರಿ ಹೊಕ್ಕೈತಿ. ದಾರಿ ಬಿಡ್ರಿ."

ಬಿಟ್ಟರು. ಇನ್ನೇನು ಮಾಡುವುದು? ಅವನದೂ ಹೊಟ್ಟೆಪಾಡು. ಬಾಳವ್ವ ಮಾತ್ರ ಛಲ ಬಿಡಲಿಲ್ಲ. ದಿನಾ ಬೆಳಿಗ್ಗೆ ಕಿಟ್ಲಿ ತುಂಬಾ ಚಹ ಕಾಸುವಳು, ಬಸ್ಸು ಹೋಗುವತನಕ ನಿಂತು ನೋಡುವಳು, ಆಮೇಲೆ ಅದನ್ನು ಊರವರಿಗೇ ಹಂಚುವಳು. ಊರಿನವರೆಲ್ಲ ಕುಡಿದರು, ಒಬ್ಬಳನ್ನು ಬಿಟ್ಟು. ಅವಳು ಎರಡನೆಯ ಮನೆಯ ಫಕೀರವ್ವ, ಬಾಳವ್ವನ ಮೈದುನನ ಹೆಂಡತಿ. ಹನ್ನೊಂದು ವರ್ಷದ ಹಿಂದೆ ಊರು ನಡೆಯುವ ಹೊತ್ತಿನಲ್ಲಿ ಬಾಳವ್ವ ನಂಬಿ ಕೈಗೆ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ಅವಳು ಕೆಳಗೆ ಬಿಟ್ಟಿದ್ದಳು. ಬಿದ್ದದ್ದು ಸೀನು ಬಂದು ಎಂದು ಫಕೀರವ್ವ, ಬೇಕಂತಲೇ ಎಂದು ಬಾಳವ್ವ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಹಿಂದಿನ ಮನೆಯವಳು ಗೋಡೆಗೆ ಹೇಳುವಳು, ಮುಂದಿನ ಮನೆಯವಳು ಎಮ್ಮೆಗೆ ಹೇಳುವಳು. ಅವರವರಿಗೆ ಮುಟ್ಟಬೇಕಾದದ್ದು ಮುಟ್ಟುತ್ತಿತ್ತು.

ಹೀಗೆ ಚಳಿಗಾಲ ಕಳೆಯಿತು. ಒಂದು ದಿನ ನಾನು ದೊಡ್ಡವ್ವನ ಚಪ್ಪರದಲ್ಲಿ ಕೂತು ಜೋಳ ಹಸನು ಮಾಡುತ್ತಾ, ಬರುವ ವರ್ಷವಾದರೂ ಬಸ್ಸು ನಿಂತೀತು ಎಂದು ಅವಳು ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳುತ್ತಿದ್ದೆ. ಬಾಯಿ ತಡೆಯಲಾಗಲಿಲ್ಲ.

"ದೊಡ್ಡವ್ವಾ, ಬರೂ ವರ್ಸ ಮತ್ತ ಆರು ಮಾರು ಮುಂದ ಹೋಗ್ತೀವಲ್ಲ? ಆಗ ರಸ್ತಿ ಎಲ್ಲಿರತೈತಿ?"

ಬಾಳವ್ವನ ಕೈ ಮೊರದಲ್ಲೇ ನಿಂತಿತು. ಅವಳು ರಸ್ತೆಯನ್ನು ನೋಡಿದಳು, ತನ್ನ ಹೊಸ್ತಿಲನ್ನು ನೋಡಿದಳು, ಹಿಂದೆ ತಿರುಗಿ ಮನೆಯ ಉದ್ದವನ್ನು ನೋಡಿದಳು. ಅವಳ ಮನೆ ಸರಿಯಾಗಿ ಆರು ಮಾರು.

ನಂಬಿದರೆ ನಂಬಿ, ಮೂರು ತಲೆಮಾರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಇವರು ಬಾವಿಗಳನ್ನು ದಾಟಿದವರು. ಹಳ್ಳವನ್ನೇ ದಾಟಿದವರು. ಕಡೆಯ ಮನೆಯ ಗದಿಗೆಪ್ಪಜ್ಜ ಹರೆಯದಲ್ಲಿ ಒಂದು ವರ್ಷ ಒಲೆಯ ಮುಂದೆ ಕೂತೇ ಮೀನು ಹಿಡಿದವನು. ಆದರೂ ಊರು ಇಷ್ಟು ಕಾಲ ನಡೆದದ್ದೇ ರಸ್ತೆಗಾಗಿ, ಅದನ್ನು ಮುಟ್ಟಿದ ಮೇಲೆ ತಾನಾಗಿ ನಿಲ್ಲುತ್ತದೆ ಎಂದು ಎಲ್ಲರ ಮನಸ್ಸಿನಲ್ಲೂ ಗಟ್ಟಿಯಾಗಿ ಕೂತುಬಿಟ್ಟಿತ್ತು. ನಾನು ನಿಂತ ಊರಿಂದ ಬಂದವಳು, ಅದಕ್ಕೇ ಕೇಳಿದೆ. ಕೇಳಿದ್ದಕ್ಕೆ ನಾಲ್ಕು ದಿನ ಊರಲ್ಲಿ ಯಾರೂ ನನ್ನ ಮುಖ ನೋಡಿ ನಗಲಿಲ್ಲ.

ಅದೇ ಹೊತ್ತಿಗೆ ಸರಪಳಿ ಹಿಡಿದು ಭೂಮಿ ಅಳೆಯುವ ಮೋಜಣಿ ಸಾಹೇಬರೊಬ್ಬರು ಬಂದರು. ಸಣ್ಣ ಪ್ರಾಯ, ಒಳ್ಳೆಯ ಮನುಷ್ಯ. ಬಾಳವ್ವನ ಚಹ ಎರಡು ಲೋಟ ಕುಡಿದು, ಬೇವಿನ ಗಿಡದ ಕೆಳಗೆ ಊರವರನ್ನು ಕೂಡಿಸಿ ಹೇಳಿದರು.

"ನೋಡ್ರಿ, ನಿಂತ ಊರನ್ನು ನಾನು ಬರೀಬಹುದು, ನಡಿಯೋ ಊರನ್ನು ಹ್ಯಾಂಗ ಬರೀಲಿ? ಈ ಕಾರ ಹುಣ್ಣಿಮೆಗೆ ಊರು ಇಲ್ಲೇ ನಿಲ್ಲಲಿ. ನಾಲ್ಕು ಮೂಲಿಗೆ ಕಲ್ಲು ನೆಡಸ್ತೀನಿ. ಪಂಚಾಯಿತಿ ಪಟ್ಟಿಗೆ ಸೇರಿಸ್ತೀನಿ, ಊರಿನ ಹೆಸರಿನ ಬೋರ್ಡು ಹಾಕಸ್ತೀನಿ. ಬಸ್ಸು ದಿನಾ ಈ ಅವ್ವನ ಬಾಗಿಲಾಗ ನಿಲ್ಲತೈತಿ. ಒಮ್ಮೆ ಕಲ್ಲು ನೆಟ್ಟ ಮ್ಯಾಲೆ ಮತ್ತ ನಡಿಯಂಗಿಲ್ಲ, ಅಷ್ಟ."

ಎಲ್ಲರ ಕಣ್ಣೂ ಬಾಳವ್ವನ ಮೇಲೆ. "ನಡೀ" ಎನ್ನುವ ಬಾಯಿ ಅವಳದು, ಅನ್ನದಿರುವ ಬಾಯಿಯೂ ಅವಳದೇ. ಸುಮ್ಮನಿದ್ದರೆ ಸಾಕು, ಮೂವತ್ತೆರಡು ವರ್ಷದ ಆಸೆ ಕೈಗೆ ಸಿಗುತ್ತದೆ. ಅಂಗಡಿ ಅವಳಿಗೆ, ಅವಳ ಮಗಳಿಗೆ, ಮೊಮ್ಮಗಳಿಗೆ. ಮುಂದಿನ ನಾಲ್ಕೈದು ಮನೆಯವರು ನಿಲ್ಲಲಿ ಎಂದರು. ಹಿಂದಿನವರು ಏನೂ ಅನ್ನಲಿಲ್ಲ. ಗದಿಗೆಪ್ಪಜ್ಜ ಮಾತ್ರ ಕೆಮ್ಮಿ, "ನಮ್ಮ ಬಾಗಲಿಂದ ಬಸ್ಸಿನ ಟಪ್ಪ ಕಾಣತೈತಿ ಬಿಡವಾ. ಅಷ್ಟ ಸಾಕು" ಎಂದ. ಅಜ್ಜನದು ವ್ಯಂಗ್ಯವಲ್ಲ, ಬಸ್ಸಿನ ನೆತ್ತಿ ಕಂಡರೆ ನಿಜಕ್ಕೂ ಅಷ್ಟೇ ಸಾಕು ಎಂಬ ದನಿ.  ಅದನ್ನು ಕೇಳಿ ಬಾಳವ್ವ ಎದ್ದು ಒಳಗೆ ಹೋದಳು.

ಕಾರ ಹುಣ್ಣಿಮೆಯವರೆಗೆ ಅವಳು ಯಾರಿಗೂ ಏನೂ ಹೇಳಲಿಲ್ಲ. ಎಮ್ಮೆಗೂ ಹೇಳಲಿಲ್ಲ, ಅದೇ ದೊಡ್ಡ ಸುದ್ದಿ. ಒಂದು ದಿನ ಬುತ್ತಿ ಕಟ್ಟಿಕೊಂಡು ಒಬ್ಬಳೇ ಮೂಡಲಿಗೆ ಹೋಗಿ, ಹಳ್ಳದ ದಂಡೆಯ ಮೇಲೆ ಸಂಜೆತನಕ ಕೂತು ಬಂದಳಂತೆ.

ಕಾರ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಊರೆಲ್ಲ ಅವಳ ಅಂಗಳದಲ್ಲಿತ್ತು. ಸಾಹೇಬರು ನಾಲ್ಕು ಕಲ್ಲುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ರಸ್ತೆಯ ಆಚೆ ಬದಿ ನಿಂತಿದ್ದರು. ಬಾಳವ್ವ ಬಿಂದಿಗೆ ಹಿಡಿದು ಹೊಸ್ತಿಲಿಗೆ ಬಂದಳು. ಕಣ್ಣು ಕೆಂಪಾಗಿದ್ದವು, ಗಂಟಲು ಮಾತ್ರ ಎಂದಿನ ಗಂಟಲೇ.

"ಸಾಹೇಬ್ರ, ನೀವು ಛಲೋ ಮಾತ ಹೇಳೀರಿ. ಆದರ ಒಂದು ಕೇಳ್ರಿ. ನಮ್ಮತ್ತಿಯ ಅತ್ತಿ ಇದ ಹೊಸ್ತಿಲದಾಗ ನಿಂತಾಗ ಮುಂದ ಹಳ್ಳ ಇತ್ತು. ತಣ್ಣನ ನೀರು, ಕೈಗೆ ಸಿಗೂ ಮೀನ. ಅಕಿ ಇಲ್ಲೇ ನಿಲ್ಲೂಣು ಅಂದಿದ್ರ ಯಾರು ಬ್ಯಾಡ ಅಂತಿದ್ರು? ಅಕಿ ನಡೀ ಅಂದ್ಲು. ಅದಕ್ಕ ಗದಿಗೆಪ್ಪ ಕಾಕಾ ತನ್ನ ಒಲಿ ಮುಂದ ಮೀನ ಹಿಡದ. ಅದಕ್ಕ ನಾ ಈ ರಸ್ತಿ ನೋಡಿದ್ನಿ. ಈಗ ನಾ ಬಾಯಿ ಮುಚಗೊಂಡು ಕುಂತ್ರ, ಕಡೀ ಮನಿಯವರು ಇನ್ನ ಎಷ್ಟ ದಿನ ಬಸ್ಸಿನ ಟಪ್ಪ ನೋಡಬೇಕ್ರಿ?"

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.  ಗದಿಗೆಪ್ಪಜ್ಜ ಮುಖ ಆಚೆ ತಿರುಗಿಸಿಕೊಂಡ. "ಹೋಗ್ರಿ, ನಿಮ್ಮ ನಿಮ್ಮ ಗಡಿಗಿ ಹಿಡಕೊಂಡು ಕೂಡ್ರಿ" ಎಂದು ಬಾಳವ್ವ ಎಲ್ಲರನ್ನೂ ಗದರಿಸಿ ಅಟ್ಟಿದಳು. ಸಾಹೇಬರೂ ಚಕ್ಕಡಿಯನ್ನು ದೂರಕ್ಕೆ ಹೊಡೆಸಿಕೊಂಡು ಹೋದರು. ನನ್ನನ್ನು ಮಾತ್ರ ಕೈ ಹಿಡಿದು ಒಳಗೆ ಕರೆದುಕೊಂಡಳು, ಗಾಜಿನ ಲೋಟಗಳನ್ನು ಹಿಡಿಯಲು ಒಬ್ಬರು ಬೇಕಿತ್ತು. ಚಪ್ಪರದಿಂದ ಬೆಂಚನ್ನು ಒಳಗೆ ತಂದೆವು. ಅವಳು ಹೊಸ್ತಿಲ ಮುಂದೆ ನೀರು ಸುರಿದು, "ನಡೀಯವ್ವಾ, ನಡೀ" ಎಂದಳು. ಬಂದು ಕಿಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಕಣ್ಣೀರು ಕಿಟ್ಲಿಯ ಮೇಲೆ ಬೀಳುತ್ತಿತ್ತು. ನೆಲ ಗುಂಯ್ ಎಂದಿತು.

ನಿಂತ ಮೇಲೂ ಅವಳು ಕಣ್ಣು ತೆರೆಯಲಿಲ್ಲ. ತೆರೆದರೆ ಬಾಗಿಲಲ್ಲಿ ರಸ್ತೆ ಇರುವುದಿಲ್ಲವಲ್ಲ. ನಾನು ಲೋಟಗಳನ್ನು ಎದೆಗವಚಿಕೊಂಡು ನೋಡಿದೆ. ನಡುಮನೆಯ ನೆಲದ ಮೇಲೆ, ತೆಂಕಣ ಗೋಡೆಯಿಂದ ಬಡಗಣ ಗೋಡೆಯವರೆಗೆ, ಕರ್ರಗೆ ಡಾಂಬರು ಹಾಸಿತ್ತು. ಒಂದು ಮೈಲಿಗಲ್ಲು ಬೀಸುವಕಲ್ಲಿನ ಪಕ್ಕ ನಿಂತಿತ್ತು.

ಅಷ್ಟರಲ್ಲಿ ತೆಂಕಣ ಗೋಡೆಯ ಆಚೆಯಿಂದ ಪೋಂ ಎಂದು ಹಾರ್ನ್ ಕೇಳಿತು.

ಬಾಳವ್ವ ಕಣ್ಣು ಬಿಟ್ಟಳು. ಮತ್ತೊಮ್ಮೆ ಪೋಂ. ನಾವಿಬ್ಬರೂ ಆ ಗೋಡೆಯ ಬಾಗಿಲು ತೆರೆದೆವು. ಬಸ್ಸು ಗೋಡೆಗೆ ಎರಡು ಮಾರು ದೂರದಲ್ಲಿ ನಿಂತಿತ್ತು. ದಾವಲಸಾಬ ಕೆಳಗಿಳಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಹಿಂದಿನ ದಿನದ ಮಳೆಗೆ ನೆನೆದ ಎರೆ ಮಣ್ಣಿಗೆ ಒಂದು ಕಾಲು ಹಾಕಿ ಮೊಣಕಾಲತನಕ ಹೂತು ಕಿತ್ತುಕೊಂಡು, ಕಡೆಗೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಅವ್ವಾ, ನಾ ಗಾಡಿ ನಿಲ್ಲಿಸಿಲ್ಲ. ಮನಿ ಅಡ್ಡ ಬಂದೈತಿ. ಇದು ಬ್ಯಾರೆ, ಅದು ಬ್ಯಾರೆ. ಹಾ, ಬಂದ ಮ್ಯಾಲೆ ಒಂದು ಚಾ ಕೊಡು."

ಆ ವರ್ಷದ ಸಂಭ್ರಮ ಏನೆಂದು ಹೇಳಲಿ! ಬಡಗಣ ಗೋಡೆಯ ಕಿಟಕಿ ಒಡೆದು ಬಾಗಿಲು ಮಾಡಿದೆವು. ಬಡಗಲಿಂದ ಇನ್ನೊಂದು ಬಸ್ಸು ಬಂದು ಆ ಬಾಗಿಲಲ್ಲಿ ನಿಲ್ಲುವುದು, ತೆಂಕಲದ್ದು ಈ ಬಾಗಿಲಲ್ಲಿ ನಿಲ್ಲುವುದು. ಎರಡೂ ಬಸ್ಸಿನ ಜನ ಗಂಟುಮೂಟೆ ಹೊತ್ತು ಬಾಳವ್ವನ ನಡುಮನೆಯಲ್ಲಿ ಎದುರುಬದುರಾಗಿ ದಾಟಿ, ಬಸ್ಸು ಬದಲಿಸಿ ಹೋಗುವರು. ದಾಟುವಾಗ ಬೆಂಚಿನ ಮೇಲೆ ಕೂತು ಚಹ ಕುಡಿಯದವರು ಯಾರು? ಕೋಳಿ ಹಿಡಿದವರು, ಬಾಣಂತಿಯರು, ಮಾಸ್ತರರು, ಒಮ್ಮೆ ಒಂದು ಇಡೀ ಮದುವೆ ದಿಬ್ಬಣ! ಬೇಸಿಗೆಯಲ್ಲಿ ಎರೆ ಒಣಗಿ ದಾವಲಸಾಬ ಮನೆ ಸುತ್ತಿಹಾಕಿ ಹೋಗಲು ನೋಡಿದ. ಪ್ರಯಾಣಿಕರು ಗಲಾಟೆ ಮಾಡಿ ಬಸ್ಸು ತಿರುಗಿಸಿದರು.

ರಸ್ತೆಯ ಮೇಲೆ ಮನೆ ಕಟ್ಟಿದ್ದಾರೆಂದು ಮೇಲಿನ ಕಚೇರಿಯಿಂದ ನೋಟೀಸು ಹೊರಟಿತು ಎಂದು ಮೋಜಣಿ ಸಾಹೇಬರೇ ಬಂದು ನಗುತ್ತಾ ಹೇಳಿದರು. ನೋಟೀಸನ್ನು ಪಂಚಾಯಿತಿಯ ಕೈಯಿಂದಲೇ ಕೊಡಿಸಬೇಕಂತೆ. ತೆಂಕಲದವರು ನಮ್ಮದಲ್ಲ ಎಂದು ಬಡಗಲಿಗೆ ಕಳಿಸಿದರು, ಬಡಗಲದವರು ನಮ್ಮದಲ್ಲ ಎಂದು ತೆಂಕಲಿಗೆ ಕಳಿಸಿದರು. ಯಾರ ಪಟ್ಟಿಯಲ್ಲೂ ಇಲ್ಲದ್ದಕ್ಕೆ ನಾವು ಮೊದಲ ಸಲ ಹೊಟ್ಟೆ ತುಂಬಾ ನಕ್ಕೆವು. ನೋಟೀಸು ಇನ್ನೂ ಓಡಾಡುತ್ತಿರುವಾಗಲೇ ಮತ್ತೊಂದು ಕಾರ ಹುಣ್ಣಿಮೆ ಬಂತು.

ಈ ಸಲ ಊರು ನಡೆದರೆ ರಸ್ತೆ ಬಾಳವ್ವನ ಬೆನ್ನ ಹಿಂದೆ, ಫಕೀರವ್ವನ ಅಂಗಳದಲ್ಲಿ. ಅದರ ಮರುವರ್ಷ ಫಕೀರವ್ವನ ನಡುಮನೆಯಲ್ಲಿ. ಇದು ಈಗ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಬೆಳಿಗ್ಗೆ ನಾನು ಮುಂದಿನ ಮನೆಗೆ ಹೋಗುವಷ್ಟರಲ್ಲಿ ಬಾಳವ್ವ ಕಿಟ್ಲಿಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದಿದ್ದಳು. "ಬೆಂಚಿನ ಆ ತುದಿ ಹಿಡಿ" ಎಂದಳು. ಹಿಡಿದೆ. ಇಬ್ಬರೂ ಎರಡನೆಯ ಮನೆಯ ಅಂಗಳಕ್ಕೆ ಹೋದೆವು.

ಫಕೀರವ್ವ ಕಸಬರಿಗೆ ಹಿಡಿದು ನಿಂತಿದ್ದವಳು ನಿಂತೇ ಇದ್ದಳು. ಬಾಳವ್ವ ಬೆಂಚು ಇಳಿಸಿದಳು. ಕಿಟ್ಲಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದಳು.  ಹದಿಮೂರು ವರ್ಷದ ಹಿಂದೆ ಇದೇ ಕೈ ಆ ಕೈಗೆ ಭರಣಿ ಕೊಟ್ಟಿತ್ತು.

"ತಗೋ" ಎಂದಳು ಬಾಳವ್ವ. ಗೋಡೆಗಲ್ಲ, ಎಮ್ಮೆಗಲ್ಲ. "ಉರಿ ಸಣ್ಣಗ ಇಡು. ಶುಂಠಿ ಜಜ್ಜಿ ಹಾಕು, ಅರೀಬ್ಯಾಡ. ದಾವಲಸಾಬಗ ಸಕ್ರಿ ಕಡಿಮಿ."

ಫಕೀರವ್ವ ಕಸಬರಿಗೆ ಬಿಸಾಕಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಕಿಟ್ಲಿಯನ್ನು ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿ ಎದೆಗೆ ಅಪ್ಪಿಕೊಂಡಳು.  ಆಮೇಲೆ ಫಕೀರವ್ವ ಅಳುತ್ತಾ, "ಅಕ್ಕಾ, ಅವತ್ತು ಖರೇನ ಸೀನು ಬಂದಿತ್ತ" ಎಂದಳು.

"ಗೊತ್ತೈತಿ ಬಿಡ. ಈಗ ಸೀನಬ್ಯಾಡ" ಎಂದಳು ಬಾಳವ್ವ. ಸರಸರ ತನ್ನ ಹೊಸ್ತಿಲಿಗೆ ಹೋಗಿ ಬಿಂದಿಗೆ ಎತ್ತಿಕೊಂಡಳು. ಅವಳು ಆ ವರ್ಷ "ನಡೀಯವ್ವಾ" ಎಂದು ಕೂಗಿದ್ದು ಮೂವತ್ತೊಂದನೆಯ ಮನೆಗೂ ಕೇಳಿಸಿತು ಎನ್ನುತ್ತಾರೆ.

ಅದಾಗಿ ಹದಿನೆಂಟು ಕಾರ ಹುಣ್ಣಿಮೆ ಕಳೆದಿವೆ. ಕಿಟ್ಲಿ ಮನೆಯಿಂದ ಮನೆಗೆ ಬಂದು ಈಗ ನನ್ನ ಒಲೆಯ ಮೇಲಿದೆ, ರಸ್ತೆ ನನ್ನ ಅಂಗಳದಲ್ಲಿದೆ. ನೋಟೀಸು ಇನ್ನೂ ದಾರಿಯಲ್ಲಿದೆ. ಅಂಗಳದ ವರ್ಷ ಬಸ್ಸು ನಿಲ್ಲಿಸಲು ಯಾವ ಕಾರಣವೂ ಇಲ್ಲ. ಆದರೆ ದಾವಲಸಾಬನ ಮಗ ನಮ್ಮ ಮನೆ ಕಂಡ ಕೂಡಲೇ ಇಂಜಿನ್ ಬಿಸಿಯಾಗಿದೆ ಎನ್ನುತ್ತಾನೆ. ತೆಂಕಣ ಬಡಗಣ ಎರಡೂ ಗೋಡೆಗೆ ಬಾಗಿಲು ಇಡಿಸಿಯಾಗಿದೆ, ಬರುವ ವರ್ಷ ಬೇಕಾಗುತ್ತದೆ. ಹಿಂದಿನ ಮನೆಯ ಹುಡುಗಿ ಈಗಿನಿಂದಲೇ ಬಂದು ಶುಂಠಿ ಜಜ್ಜುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಗದಿಗೆಪ್ಪಜ್ಜ ಈಗಿಲ್ಲ. ಅವನ ಮರಿಮಗಳು ಬೆರಳು ಮಡಚಿ, ತಮ್ಮ ಮನೆಗೆ ಬರುವಾಗ ತನಗೆ ನಲವತ್ತಾರು ಎಂದು ಲೆಕ್ಕ ಹಾಕಿಟ್ಟಿದ್ದಾಳೆ.

ಬಾಳವ್ವ ದೊಡ್ಡವ್ವ ದಿನಾ ಬೆಳಿಗ್ಗೆ ಕೋಲು ಊರಿಕೊಂಡು ಫಕೀರವ್ವನ ತೋಳು ಹಿಡಿದು ಬರುತ್ತಾಳೆ. ಹತ್ತು ಅಂಗಳ ದಾಟಿ, ಬೆಂಚಿನ ಮೇಲೆ ಕೂತು, ಮೊದಲ ಲೋಟ ಕುಡಿದು, "ನೀರಾಗೇತಿ" ಎನ್ನುತ್ತಾಳೆ. ಆಮೇಲೆ ಇನ್ನೊಂದು ಕೇಳುತ್ತಾಳೆ.